ಲವಂಗದ ದ್ವೀಪ ಕಾದು...

"ಕೈ ಎತ್ತಬೇಡಿ! ಅಲ್ಲಾಡಲೂ ಬೇಡಿ! ನಿಮ್ಮ ಮೊಣಕೈ ಕೆಳಗೆ ನನ್ನ ಇಡೀ ನೌಕಾಪಡೆ ಇದೆ!"

ಅವಳ ಎದೆ ಧಸಕ್ಕೆಂದಿತು.

ಕೂಗಿದ್ದು ಯಾರು, ಯಾವ ನೌಕಾಪಡೆ, ಒಂದೂ ತಿಳಿಯಲಿಲ್ಲ. ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ, ದೊಡ್ಡ ಮೇಜಿನ ಮೇಲೆ ಹರಡಿದ್ದ ಆಟದ ನಕಾಶೆಯ ಮೇಲೆ ಬಾಗಿದ್ದವಳು ಬಾಗಿದಂತೆಯೇ ನಿಂತುಬಿಟ್ಟಳು. ಉಸಿರು ಅರ್ಧದಲ್ಲೇ ಸಿಕ್ಕಿಕೊಂಡಿತ್ತು.

ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸ್ ಇದ್ದ ದೊಡ್ಡ ಕೈಯೊಂದು ಅವಳ ಮೊಣಕೈ ಕೆಳಗಿನಿಂದ ಪುಟ್ಟ ಕೆಂಪು ಹಡಗುಗಳನ್ನು ಒಂದೊಂದಾಗಿ ಈಚೆ ತೆಗೆಯಿತು.

"ಒಂದು... ಎರಡು... ಮೂರು... ಅಯ್ಯೋ, ನಾಲ್ಕನೇದು ಕಾಣ್ತಿಲ್ವಲ್ಲ!"

"ಮುಳು... ಮುಳುಗಿತಾ?"

"ಇಲ್ಲ. ನಿಮ್ಮ ತೋಳಿಗೆ ಅಂಟಿಕೊಂಡಿದೆ."

ನಿಜ. ಅವಳ ತೋಳಿನ ತುದಿಯಲ್ಲಿ ಸದಾ ಒಂದಿಷ್ಟು ಅಂಟು ಇದ್ದೇ ಇರುತ್ತಿತ್ತು. ಪುಸ್ತಕಗಳಿಗೆ ರಟ್ಟು ಕಟ್ಟುವವಳ ಬಟ್ಟೆಯ ಹಣೆಬರಹ ಅದು. ಅವನು ಹಡಗನ್ನು ಮೆಲ್ಲಗೆ ಬಿಡಿಸಿಕೊಂಡು ನಕ್ಕ. ಅವಳಿಗೆ ನಗು ಬರಲಿಲ್ಲ.

"ಹೆದರಿಸಿಬಿಟ್ನಾ?"

"ಇಲ್ಲ," ಎಂದಳು. ಆ ದನಿ ಕೇಳಿದ ಯಾರೂ ನಂಬುವಂತಿರಲಿಲ್ಲ.

ಅವಳ ಹೆದರಿಕೆಯ ಬಗ್ಗೆ ಹೇಳಲೇಬೇಕು. ಲಿಫ್ಟ್ ಕಂಡರೆ ಹೆದರಿಕೆ, ನಾಯಿ ಕಂಡರೆ ಹೆದರಿಕೆ, ಎಲ್ಲಕ್ಕಿಂತ ಹೆಚ್ಚು ಫೋನ್ ಗಂಟೆಯ ಹೆದರಿಕೆ. ಅವಳನ್ನು ಸಾಕಿದ, ರಟ್ಟು ಕಟ್ಟುವ ಅಂಗಡಿ ನಡೆಸುವ ಸೋದರತ್ತೆ ಅವಳಿಗೆ ಇಟ್ಟ ಅಡ್ಡಹೆಸರೇ ಪುಕ್ಕಲಿ. ಆದರೆ ಫೋನಿನ ಹೆದರಿಕೆಗೆ ಕಾರಣವಿತ್ತು. ಎರಡು ವರ್ಷದ ಹಿಂದೆ, ಮದುವೆಗೆ ಹನ್ನೊಂದು ದಿನ ಉಳಿದಿರುವಾಗ ಫೋನ್ ಬಂದಿತ್ತು. "ನಾನೊಂದು ಮಾತು ಹೇಳ್ಬೇಕು..." ಎಂದು ಶುರುಮಾಡಿದ ಆ ಮನುಷ್ಯ ಎರಡೇ ನಿಮಿಷದಲ್ಲಿ ಅವಳ ಬದುಕಿನಿಂದ ಎದ್ದುಹೋಗಿದ್ದ. ಅಂದಿನಿಂದ ಯಾರನ್ನೂ ನಂಬದಿರುವುದೇ ಕ್ಷೇಮ ಎಂದು ಅವಳು ನಿರ್ಧರಿಸಿದ್ದಳು.

ಅಂದು ಅವಳು ಬಂದಿದ್ದು ನಕಾಶೆಯ ರಟ್ಟು ಮಡಿಕೆಯಲ್ಲಿ ಮತ್ತೆ ಏಳುತ್ತಿದೆ, ನೋಡಿಹೋಗು ಎಂದು ಗ್ರಂಥಪಾಲಕರು ಕರೆದಿದ್ದರಿಂದ. ಆಟ ನಡೆಯುವಾಗಲೇ ಬಾಗಿ ಮಡಿಕೆ ನೋಡಿದ್ದು ಅವಳದೇ ತಪ್ಪು.

"ಬಂದಿದ್ದೀಯಲ್ಲ, ಕೂತ್ಕೋಮ್ಮ," ಎಂದರು ಗ್ರಂಥಪಾಲಕರು. "ನಮ್ಮ ಹಾಲೆಂಡಿಗೆ ವರ್ಗ ಆಯ್ತು, ಬೇರೆ ಊರಿಗೆ. ಒಬ್ಬರು ಕಡಿಮೆ ಇದ್ರೆ ಆಟ ನಡೆಯಲ್ಲ."

ಬೇಡ ಅನ್ನುವುದಕ್ಕೂ ಹೆದರಿಕೆ! ಕೂತಳು.

ಆಟದ ಹೆಸರು 'ಐದು ಬಾವುಟ'. ಪೋರ್ಚುಗಲ್, ಸ್ಪೇನ್, ಹಾಲೆಂಡ್, ಫ್ರಾನ್ಸ್, ಇಂಗ್ಲೆಂಡ್. ಐದು ದೇಶಗಳು ಹಡಗು ಹತ್ತಿ ಬಂದು ದೂರದ ದ್ವೀಪಗಳಿಗಾಗಿ, ಮೆಣಸು ಲವಂಗಗಳಿಗಾಗಿ ಕಿತ್ತಾಡುವ ಆಟ. ಪ್ರತಿ ಭಾನುವಾರ ಮಧ್ಯಾಹ್ನ ನಡೆಯುತ್ತಿತ್ತು. ಪೋರ್ಚುಗಲ್ ಅಂದರೆ ನಿವೃತ್ತ ಭೂಗೋಳದ ಟೀಚರ್. ಫ್ರಾನ್ಸ್ ಅವರ ಗಂಡ, ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತಿದ್ದ ಸಾಮ್ರಾಜ್ಯ. ಸ್ಪೇನ್ ಹಲ್ಲಿನ ಡಾಕ್ಟರ್. ಇಂಗ್ಲೆಂಡ್ ಈ ಗ್ರೀಸ್ ಉಗುರಿನವನು, ಸರಕು ಹಡಗಿನಲ್ಲಿ ಮೂರನೇ ಇಂಜಿನಿಯರ್, ರಜೆಯಲ್ಲಿದ್ದ. ಗ್ರಂಥಪಾಲಕರು ತೀರ್ಪುಗಾರರು.

"ಮೂರೇ ಅಪ್ಪಣೆ," ಎಂದರು ಅವರು. "ಸಾಗು, ಕಾಯು, ಕಾದು. ಸಾಗು ಅಂದ್ರೆ ಹಡಗು ಮುಂದಕ್ಕೆ. ಕಾಯು ಅಂದ್ರೆ ನಿನ್ನ ಬಂದರಿಗೆ ಕಾವಲು. ಕಾದು ಅಂದ್ರೆ ಹೊಡೆದಾಟ."

"ಕಾದು ಅಂದ್ರೆ... ಕಾದುಕೊಂಡು ಕೂರೋದಲ್ವಾ ಸಾರ್?"

ಎಲ್ಲರೂ ನಕ್ಕರು. ಫ್ರಾನ್ಸ್ ಕೂಡ ಎಚ್ಚರವಾಯಿತು.

"ಹೊಸಬರೆಲ್ಲ ಇಲ್ಲೇ ಎಡವೋದು! ಕಾದಾಟ ಅಂತೀವಲ್ಲ, ಅದರ 'ಕಾದು' ಇದು. ನಿಯಮ ಬರೆದ ಪುಣ್ಯಾತ್ಮ ವ್ಯಾಕರಣದ ಮೇಷ್ಟ್ರಂತೆ. ಎಲ್ಲರೂ ಗುಟ್ಟಾಗಿ ಚೀಟಿ ಬರೀಬೇಕು, ನಾನು ಗಟ್ಟಿಯಾಗಿ ಓದ್ತೀನಿ. ಮುಂಬದಿಯಲ್ಲಿ ಏನಿದೆಯೋ ಅದೇ ಅಪ್ಪಣೆ. ಹಿಂಬದಿ ನಾನು ನೋಡೋದೂ ಇಲ್ಲ."

ಹಾಲೆಂಡ್ ಆದ ಅವಳ ಪಾಲಿಗೆ ಬಂದಿದ್ದು ನಕಾಶೆಯ ಮೂಲೆಯ ಲವಂಗದ ದ್ವೀಪ. ಅದರ ಸುತ್ತ ನಾಲ್ಕು ಬಣ್ಣದ ಹಡಗುಗಳು ನಿಂತಿದ್ದವು. ಅವಳು ನೋಡಿದಳು, ನೋಡಿದಳು... ಕೊನೆಗೆ ಮೆಲ್ಲಗೆ ಕೇಳಿದಳು.

"ಇಲ್ಲಿ ಮೊದಲೇ ಇದ್ದವರ ಕಾಯಿ ಯಾವ ಬಣ್ಣದ್ದು?"

"ಯಾರು?" ಎಂದರು ಡಾಕ್ಟರ್.

"ಲವಂಗ ಬೆಳೆದವರು. ಇಷ್ಟು ಹಡಗು ಬಂದು ನಿಂತ್ರೆ ಅವರಿಗೆ ಹೆದರಿಕೆ ಆಗಲ್ವಾ?"

"ಅವರಿಗೆ ಕಾಯಿ ಇಲ್ಲಮ್ಮ. ಇರೋದು ಐದೇ ಬಾವುಟ," ಎಂದು ಡಾಕ್ಟರ್ ನಕ್ಕರು.

ಇಂಜಿನಿಯರ್ ನಗಲಿಲ್ಲ. ಅವಳನ್ನೇ ನೋಡುತ್ತ ಕೂತಿದ್ದ.

ಮುಂದಿನ ಭಾನುವಾರ ಅವನು ಬಂದವನೇ ಜೇಬಿನಿಂದ ಏನನ್ನೋ ತೆಗೆದು ದ್ವೀಪದ ಮೇಲಿಟ್ಟ. ಹಿತ್ತಾಳೆಯ ಪುಟ್ಟ ಮನೆ. ಲವಂಗದ ಮೊಗ್ಗಿಗಿಂತ ಸ್ವಲ್ಪ ದೊಡ್ಡದು, ಮಾಡಿನ ಇಳಿಜಾರು ಕೂಡ ಸರಿಯಾಗಿತ್ತು.

"ಊರಿನವರು," ಎಂದ. "ಲೇತ್ ಮೇಲೆ ನಾನೇ ಕಡೆದಿದ್ದು. ಯಾರೋ ಒಬ್ಬರು ಅವರ ಬಗ್ಗೆ ವಿಚಾರಿಸಿದ್ರು."

"ನಿಯಮದಲ್ಲಿ ಇಲ್ಲ," ಎಂದರು ಗ್ರಂಥಪಾಲಕರು.

"ಸುಮ್ನೆ ಇರ್ತಾರೆ ಸಾರ್. ಯಾರಿಗೂ ತೊಂದರೆ ಕೊಡಲ್ಲ."

ಅವಳು ತಲೆ ಬಗ್ಗಿಸಿದಳು. ಕಿವಿಯವರೆಗೂ ಬಿಸಿಯೇರಿತ್ತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಎದೆ ಹೊಡೆದುಕೊಂಡಿದ್ದು ಹೆದರಿಕೆಯಿಂದಲ್ಲ ಎಂದು ತಿಳಿದು ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು!

ಅಲ್ಲಿಂದ ಅವನು ಅವಳನ್ನು 'ಲವಂಗ' ಎಂದೇ ಕರೆಯತೊಡಗಿದ. ಅವಳು ಅವನನ್ನು ಕರೆಯುತ್ತಲೇ ಇರಲಿಲ್ಲ. ಮನಸ್ಸಿನಲ್ಲಿ ಮಾತ್ರ 'ಇಂಗ್ಲೆಂಡ್' ಅನ್ನುತ್ತಿದ್ದಳು.

"ನಿಮ್ಮ ದ್ವೀಪಕ್ಕೆ ನನ್ನ ಹಡಗು ಬರಲ್ಲ. ಒಪ್ಪಂದ," ಎಂದ ಒಂದು ದಿನ.

"ಇಂಗ್ಲೆಂಡಿನ ಮಾತು ನಂಬಬೇಡ ಕಣಮ್ಮ!" ಎಂದರು ಟೀಚರ್. "ಇವನು ರಜೆಗೆ ಬಂದಾಗೆಲ್ಲ ನನ್ನದೊಂದು ಬಂದರು ಮಾಯ."

ಆದರೂ ನಂಬಿದಳು. ದ್ವೀಪದಲ್ಲಿದ್ದ ಕಾವಲು ಹಡಗನ್ನೂ ಬೇರೆ ಕಡೆ ಕಳಿಸಿಬಿಟ್ಟಳು. ಅದು ಆಟದ ನಡೆಯಷ್ಟೇ ಆಗಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಒಂದು ಸಲ ಅವನು ತನ್ನ ತಾಯಿಯ ಹಳೆಯ ನೋಟ್‌ಬುಕ್ ಹಿಡಿದು ಅಂಗಡಿಗೇ ಬಂದ. ಅತ್ತೆ ಕನ್ನಡಕದ ಮೇಲಿನಿಂದ ಒಮ್ಮೆ ಅವನನ್ನು, ಒಮ್ಮೆ ಸೊಸೆಯನ್ನು ನೋಡಿ, ಇಲ್ಲದ ದಾರ ಹುಡುಕುತ್ತ ಒಳಗೆ ಹೋದಳು. ಇತ್ತ ಇವಳು ನೋಟ್‌ಬುಕ್ಕಿನ ಬಿಡಿ ಹಾಳೆಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದಳು.

"ಯಾಕೆ, ಪ್ರತಿ ಹಾಳೆನೂ ತಿರುಗಿಸಿ ನೋಡ್ತೀರಿ?"

"ಹಿಂದೆ ಏನಾದ್ರೂ ಬರೆದಿದ್ರೆ? ಒಂದು ಸಲ ಅಂಟಿಸಿದ್ರೆ ಮುಗೀತು, ಮತ್ತೆ ಕಾಣಲ್ಲ. ಎರಡೂ ಮಗ್ಗುಲು ನೋಡದೆ ನಾವು ಅಂಟು ಹಚ್ಚಲ್ಲ. ಈ ವರ್ಷ ನಿಮ್ಮ ಆಟದ ಚೀಟಿಗಳನ್ನ ಪುಸ್ತಕಕ್ಕೆ ಅಂಟಿಸೋದೂ ನಾನೇ, ಅವಕ್ಕೂ ಇದೇ ನಿಯಮ."

"ಯಾವಾಗ್ಲೂ?"

"ಯಾವಾಗ್ಲೂ," ಎಂದಳು ಹೆಮ್ಮೆಯಿಂದ.

ಅವನು ಆ ಮಾತನ್ನು ಜೇಬಿಗಿಳಿಸಿಕೊಂಡವನಂತೆ ತಲೆಯಾಡಿಸಿದ.

ರಜೆ ಮುಗಿಯುತ್ತ ಬಂತು. ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಅವಳ ಜೊತೆ ನಿಂತಿದ್ದವನು ಗಂಟಲು ಸರಿಮಾಡಿಕೊಂಡ.

"ಶನಿವಾರ ಹಡಗು ಹತ್ತಬೇಕು. ಭಾನುವಾರ ನಾನಿರಲ್ಲ. ಅದಕ್ಕೆ ಮೊದಲು... ಲವಂಗ, ನಾನೊಂದು ಮಾತು ಹೇಳ್ಬೇಕು..."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಅದೇ ಮಾತು! ಅಕ್ಷರವೂ ವ್ಯತ್ಯಾಸವಿಲ್ಲದೆ ಅದೇ ಮಾತು! ಹನ್ನೊಂದು ದಿನ, ಅಚ್ಚಾದ ಲಗ್ನಪತ್ರಿಕೆಗಳು, ಹೊಲಿಸಿಟ್ಟ ಬಟ್ಟೆ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು.

"ಬೇಡ!" ಎಂದು ಚೀರಿಯೇಬಿಟ್ಟಳು. "ಹೇಳಬೇಡಿ... ದಯವಿಟ್ಟು ಏನೂ ಹೇಳಬೇಡಿ!"

ಯಾವ ಬಸ್ಸೆಂದೂ ನೋಡದೆ ಬಂದ ಬಸ್ಸು ಹತ್ತಿಬಿಟ್ಟಳು. ಅವನು ಬಾಯಿ ಅರ್ಧ ತೆರೆದುಕೊಂಡೇ ನಿಂತಿದ್ದ. ಅವಳು ಇಳಿದು, ಬೇರೆ ಬಸ್ ಹಿಡಿದು ಮನೆ ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.

ಭಾನುವಾರ ಗ್ರಂಥಪಾಲಕರು ಚೀಟಿಗಳನ್ನು ಬಿಡಿಸಿದರು. "ಇಂಗ್ಲೆಂಡ್ ಇಲ್ಲ. ನಿನ್ನೆ ಟ್ಯಾಕ್ಸಿ ನಿಲ್ಲಿಸಿಕೊಂಡೇ ಓಡಿಬಂದು, ನನ್ನ ಮೇಜಿನ ಮೇಲೆ ಬರೆದುಕೊಟ್ಟು ಹೋದ." ಚೀಟಿ ಕಣ್ಣಿನ ಹತ್ತಿರ ಹಿಡಿದರು. ಹುಬ್ಬು ಗಂಟಿಕ್ಕಿತು. ಅವಳತ್ತ ನೋಡದೆ ಓದಿದರು.

"ಲವಂಗದ ದ್ವೀಪ... ಕಾದು."

ಡಾಕ್ಟರ್ ನಕಾಶೆಯ ಮೇಲೆ ಬಗ್ಗಿ ನೋಡಿದರು.

"ನಾನು ಹೇಳಿರಲಿಲ್ವಾ!" ಎಂದು ಶುರುಮಾಡಿದ ಟೀಚರ್ ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

ಕಾವಲೇ ಇಲ್ಲದ ದ್ವೀಪ. ನಾಲ್ಕು ಕೆಂಪು ಹಡಗುಗಳು ಬಂದು ಮುತ್ತಿದವು. ಅವಳ ಒಂದೇ ಒಂದು ಕೋಟೆ ನಕಾಶೆಯಿಂದ ಪೆಟ್ಟಿಗೆಗೆ ಹೋಯಿತು.

'ಬಾಯಲ್ಲಿ ಹೇಳೋಕೆ ಬಿಡಲಿಲ್ಲ ಅಂತ ಹೀಗೆ ಹೇಳಿದ್ರಾ? ನಾನು ನಂಬ್ತೀನಿ ಅಂತ ಗೊತ್ತಿದ್ದೇ...?'

"ಸಾರ್," ಎಂದಳು. ದನಿ ಅವಳದೇ ಅನ್ನಿಸಲಿಲ್ಲ. "ಊರಿನವರು ಈಗ ಎಲ್ಲಿಗೆ ಹೋಗ್ಬೇಕು?"

ಅವಳು ಹಿತ್ತಾಳೆಯ ಮನೆಯನ್ನು ಎತ್ತಿ ಮುಷ್ಟಿಯಲ್ಲಿ ಮುಚ್ಚಿಕೊಂಡು ಹೊರಬಂದಳು.

ಅಂದೇ ಅವನ ಫೋನ್ ನಂಬರನ್ನು ಬ್ಲಾಕ್ ಮಾಡಿದಳು. ನಾಲ್ಕು ದಿನ ಕಳೆದ ಮೇಲೆ ಗ್ರಂಥಪಾಲಕರು ವರ್ಷದ ಚೀಟಿಗಳ ಪೆಟ್ಟಿಗೆ ಕಳಿಸಿದರು. ಒಪ್ಪಿಕೊಂಡಿದ್ದಂತೆ ಅವನ್ನೆಲ್ಲ ಒಂದು ದಾಖಲೆ ಪುಸ್ತಕಕ್ಕೆ ಅಂಟಿಸಿಕೊಡಬೇಕಿತ್ತು. ಅವಳು ಒಂದೊಂದನ್ನೂ ಮಗುಚಿ ನೋಡಿ ಅಂಟಿಸುತ್ತ ಬಂದಳು. ಕೊನೆಯ ಚೀಟಿ ಕೈಗೆ ಬಂತು. ಅವನ ದುಂಡು ಅಕ್ಷರ, ಅದೇ 'ಕಾದು'... ಎರಡನೇ ಸಲ ನೋಡುವ ಶಕ್ತಿಯಿರಲಿಲ್ಲ. ಕಣ್ಣು ಬೇರೆಡೆ ಹೊರಳಿಸಿ, ಪುಸ್ತಕದ ಪುಟಕ್ಕೆ ದಪ್ಪಗೆ ಅಂಟು ಬಳಿದು, ಚೀಟಿ ಇಟ್ಟು ಅಂಗೈಯಿಂದ ಒತ್ತಿಬಿಟ್ಟಳು.

ಹಾಳೆ ತಿರುಗಿಸದೆ ಅವಳು ಅಂಟು ಹಚ್ಚಿದ್ದು ಜೀವನದಲ್ಲಿ ಅದೊಂದೇ ಸಲ.

ಒಂದೂವರೆ ತಿಂಗಳು ಕಳೆಯಿತು. ಅವಳು ಭಾನುವಾರದ ಆಟಕ್ಕೆ ಹೋಗಲಿಲ್ಲ. ಅತ್ತೆ ಏನೂ ಕೇಳಲಿಲ್ಲ, ಕೇಳದಿರುವುದು ಅತ್ತೆಗೆ ಎಷ್ಟು ಕಷ್ಟವೆಂದು ಅವಳಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಅಂಗಡಿಯ ಫೋನ್ ಬಡಿದುಕೊಂಡಿತು.

ಎಂದಿನಂತೆ ಎದೆ ಹಾರಿತು. ಟೀಚರ್ ದನಿ.

"ಮಗು... ಇಂಗ್ಲೆಂಡಿನ ಹಡಗು..."

"ನಾನಿನ್ನು ಆಟಕ್ಕೆ ಬರಲ್ಲ ಮೇಡಂ."

"ಆಟದ್ದಲ್ಲ ಕಣೇ!" ಟೀಚರ್ ಅಳುತ್ತಿದ್ದರು. "ನಿಜವಾದ ಹಡಗು. ಇಂಜಿನ್ ರೂಮಿನಲ್ಲಿ ಬೆಂಕಿಯಂತೆ, ಬಿರುಗಾಳಿಯಂತೆ. ನಿನ್ನೆಯಿಂದ ಸಂಪರ್ಕವೇ ಇಲ್ಲವಂತೆ..."

ಇಂಜಿನ್ ರೂಮ್.

ರಿಸೀವರ್ ಅವಳ ಕೈಯಿಂದ ಯಾವಾಗ ಜಾರಿತೋ! ಕೋಪವೂ ಇರಲಿಲ್ಲ, ಅವಮಾನವೂ ಇರಲಿಲ್ಲ. ದ್ವೀಪ ಹಾಳಾಗಿ ಹೋಗಲಿ! ಅವನೊಬ್ಬ ಉಳಿದಿದ್ದರೆ ಸಾಕು, ಎಲ್ಲೋ ಉಸಿರಾಡುತ್ತಿದ್ದರೆ ಸಾಕು.

'ನಂಬರ್ ಬ್ಲಾಕ್ ಮಾಡಿದ್ದೆನಲ್ಲ... ಬೆಂಕಿ ಬಿದ್ದಾಗ ಒಂದು ಮಾತು ಹೇಳೋಕೆ ಪ್ರಯತ್ನಪಟ್ಟಿದ್ರೆ? ದೇವರೇ, ನನ್ನ ನಂಬರಿಗೆ ಫೋನ್ ಮಾಡಿದ್ರೆ...?'

"ಪುಕ್ಕಲಿ," ಎಂದಳು ಅತ್ತೆ ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟು. "ಇಲ್ಲಿ ಕೂತು ನಡುಗೋ ಬದಲು ಅಲ್ಲಿ ಹೋಗಿ ನಡುಗು. ಹೊರಡು."

ಹಡಗು ಕಂಪನಿಯ ಕಚೇರಿ ಆರನೇ ಮಹಡಿಯಲ್ಲಿತ್ತು. ಲಿಫ್ಟ್ ಹತ್ತುವುದು ಹೇಗೆಂದು ಯೋಚಿಸುವಷ್ಟರಲ್ಲಿ ಅವಳು ಲಿಫ್ಟಿನಿಂದ ಇಳಿದಾಗಿತ್ತು. ಉದ್ದನೆಯ ಹಜಾರ. ಸಾಲು ಕುರ್ಚಿಗಳಲ್ಲಿ ಹೆಂಗಸರು, ಮುದುಕರು. ಒಳಗೆಲ್ಲೋ ಫೋನ್ ಬಡಿದುಕೊಂಡಾಗಲೆಲ್ಲ ಎಲ್ಲರ ತಲೆಯೂ ಒಟ್ಟಿಗೆ ಏಳುತ್ತಿತ್ತು. ತನ್ನೊಬ್ಬಳದೇ ಎಂದುಕೊಂಡಿದ್ದ ಹೆದರಿಕೆ ಇಲ್ಲಿ ಎಲ್ಲರ ಮುಖದಲ್ಲೂ ಇತ್ತು.

ಮೇಜಿನ ಹಿಂದಿದ್ದ ಗುಮಾಸ್ತ ಪಟ್ಟಿಯ ಮೇಲೆ ಪೆನ್ನಿಟ್ಟು ಕಾದ.

"ಯಾರ ಕಡೆಯವರು?"

"ಮೂರನೇ ಇಂಜಿನಿಯರ್..."

"ಅವರಿಗೆ ನೀವು ಏನಾಗ್ಬೇಕು?"

ಅವಳು ಬಾಯಿ ತೆರೆದಳು. ಏನಾಗಬೇಕು? ಹೆಂಡತಿಯಲ್ಲ. ತಂಗಿಯಲ್ಲ. ಸ್ನೇಹಿತೆ ಎನ್ನಲು ನಂಬರ್ ಬ್ಲಾಕ್ ಮಾಡಿದವಳು. ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು.

"ನಾನು... ಹಾಲೆಂಡ್," ಎಂದುಬಿಟ್ಟಳು.

"ವಿದೇಶದವರಾ?" ಗುಮಾಸ್ತ ಅವಳನ್ನು ಮೇಲಿನಿಂದ ಕೆಳಗೆ ನೋಡಿದ.

"ಏಯ್ ಮಗು!" ಮೂಲೆಯ ಕುರ್ಚಿಯಿಂದ ಒಂದು ದನಿ ಬಂತು. ನರೆಗೂದಲ ಹೆಂಗಸೊಬ್ಬರು ಗೋಡೆ ಹಿಡಿದು ಎದ್ದು ನಿಂತಿದ್ದರು. ಕೈಯಲ್ಲಿ ಅವಳೇ ರಟ್ಟು ಕಟ್ಟಿದ್ದ ನೋಟ್‌ಬುಕ್. "ನೀನೇನಾ ಲವಂಗ?"

ಅವಳ ಕಣ್ಣಲ್ಲಿ ಅಲ್ಲಿಯವರೆಗೆ ಹೆಪ್ಪುಗಟ್ಟಿದ್ದ ನೀರು ಒಡೆದು ಹರಿಯಿತು. ಅವನ ತಾಯಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಬಂದೆಯಲ್ಲ... ಸಾಕು. ಹೋದ ವಾರ ಫೋನಿನಲ್ಲಿ ಅವನದು ಒಂದೇ ಕೊರಗು. ಲವಂಗ ಉತ್ತರನೇ ಕೊಡಲಿಲ್ಲಮ್ಮ ಅಂತ."

"ಯಾವುದಕ್ಕೆ ಉತ್ತರ?"

"ಚೀಟಿಗೆ! 'ಚೀಟಿ ಹಿಂದೆ ಎಲ್ಲ ಬರೆದಿದೀನಿ, ಅವಳು ಹಾಳೆ ತಿರುಗಿಸಿ ನೋಡೇ ನೋಡ್ತಾಳೆ' ಅಂದ. ನೋಡಲಿಲ್ವೇನಮ್ಮ?"

ಕಾಲ ಕೆಳಗಿನ ನೆಲ ಕುಸಿದಂತಾಯಿತು.

ದಪ್ಪಗೆ ಬಳಿದ ಅಂಟು... ಅಂಗೈಯಿಂದ ಒತ್ತಿದ್ದು... ಶಾಯಿ ಪೆನ್ನು! ಗ್ರಂಥಪಾಲಕರ ಮೇಜಿನ ಮೇಲಿರುವುದು ಶಾಯಿ ಪೆನ್ನು ಮಾತ್ರ!

"ಅಮ್ಮಾ, ನಾನು ಈಗ ಬಂದೆ. ಇಲ್ಲೇ ಇರಿ... ಈಗ ಬಂದುಬಿಟ್ಟೆ!"

ದಾಖಲೆ ಪುಸ್ತಕ ಇನ್ನೂ ಅಂಗಡಿಯ ಕಪಾಟಿನಲ್ಲೇ ಇತ್ತು. ಕೊನೆಯ ಪುಟ ತೆರೆದು, ಒದ್ದೆ ಒತ್ತುಕಾಗದ, ತೆಳ್ಳನೆಯ ಮೂಳೆಯ ಕಡ್ಡಿ ಮುಂದಿಟ್ಟುಕೊಂಡು ಕೂತಳು. ನೀರು ಕಡಿಮೆಯಾದರೆ ಚೀಟಿ ಹರಿಯುತ್ತದೆ, ಹೆಚ್ಚಾದರೆ ಶಾಯಿ ಹರಡಿ ಅಕ್ಷರ ಹೋಗುತ್ತದೆ. ಅವನು ಬರೆದ ಮಾತು, ಬಹುಶಃ ಕೊನೆಯ ಮಾತು... ಆ ಯೋಚನೆಯನ್ನು ಅವಳು ಅರ್ಧದಲ್ಲೇ ಹಿಡಿದು ನಿಲ್ಲಿಸಿದಳು.

"ಕೈ ಹೀಗೆ ನಡುಗಿದ್ರೆ ಎರಡೂ ಹಾಳಾಗುತ್ತೆ," ಎಂದಳು ಅತ್ತೆ. "ಕೊಡಿಲ್ಲಿ, ನಾನು ಬಿಡಿಸ್ತೀನಿ."

"ಬೇಡ ಅತ್ತೆ. ಅಂಟಿಸಿದ್ದು ನಾನು."

ಒದ್ದೆ ಕಾಗದ ಇಟ್ಟಳು. ಎಣಿಸಿದಳು. ತೆಗೆದಳು. ಮತ್ತೆ ಇಟ್ಟಳು. ಮೂಲೆ ಸ್ವಲ್ಪ ಎದ್ದಿತು. ಕಡ್ಡಿ ಕೂದಲೆಳೆಯಷ್ಟು ಒಳಗೆ ಹೋಯಿತು. ಅತ್ತೆಯೂ ಉಸಿರು ಬಿಗಿಹಿಡಿದಿದ್ದಳು. ಅರ್ಧ ಗಂಟೆಯ ನಂತರ ಚೀಟಿ ಒದ್ದೆ ಎಲೆಯಂತೆ ಅವಳ ಅಂಗೈ ಮೇಲೆ ಮಲಗಿತು.

ಮುಂಬದಿ: 'ಲವಂಗದ ದ್ವೀಪ ಕಾದು'.

ತಿರುಗಿಸಿದಳು.

ಹಿಂಬದಿ: 'ಕೊಂಡಿರು. ಮೂರೇ ತಿಂಗಳು. ಬಾಯಲ್ಲಿ ಹೇಳಲು ಬಿಡಲಿಲ್ಲ, ಅದಕ್ಕೆ ಇಲ್ಲಿ. ನನ್ನ ಮನೆಗೆ ಬರುತ್ತೀಯಾ? ಉತ್ತರ ಕಳಿಸು, ಬಂದು ಬಾಯಲ್ಲೂ ಕೇಳುತ್ತೇನೆ.' ಅದರ ಕೆಳಗೆ ಇನ್ನೊಂದು ಪದವಿತ್ತು. ಅದು ಮಾತ್ರ ನೀರಿಗೆ ಕರಗಿ ನೀಲಿ ಕಲೆಯಾಗಿತ್ತು.

ಕಾದು... ಕೊಂಡಿರು.

ಕಾದುಕೊಂಡಿರು!

ಕಾದಾಟವಲ್ಲ. ಕಾಯುವುದು. ಚೀಟಿ ಚಿಕ್ಕದು, ಟ್ಯಾಕ್ಸಿ ಬಾಗಿಲಲ್ಲಿ, ಮುಂಬದಿಯನ್ನು ಎಲ್ಲರೆದುರು ಓದುತ್ತಾರೆ. ಉಳಿದ ಗುಟ್ಟನ್ನು ಅವಳೊಬ್ಬಳೇ ನೋಡುವ ಮಗ್ಗುಲಿಗೆ ಬರೆದಿದ್ದ. ಆ ಗಡಿಬಿಡಿಯಲ್ಲಿ 'ಕಾದು' ಎಂಬುದು ಆಟದ ಅಪ್ಪಣೆಯೂ ಹೌದೆಂಬುದು ಪೆದ್ದನಿಗೆ ನೆನಪೇ ಬಂದಿರಲಿಲ್ಲ! ಇಷ್ಟು ದಿನ 'ನೀವು' ಎಂದವನು ಇಲ್ಲಿ ಮೊದಲ ಬಾರಿಗೆ 'ನೀನು' ಎಂದಿದ್ದ. ಆ ಏಕವಚನವನ್ನು ಅವಳು ಎರಡು ಸಲ, ಮೂರು ಸಲ ಓದಿಕೊಂಡಳು.

"ಅತ್ತೆ... ನಾನು ತಿರುಗಿಸಿ ನೋಡಲಿಲ್ಲ. ಹೆದರಿಬಿಟ್ಟೆ..."

ಅತ್ತೆ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. "ಈಗ ನೋಡಿದೆಯಲ್ಲ. ಏನು ಬರೆದಿದಾನೋ ಅದು ಮಾಡು."

ಏನು ಬರೆದಿದ್ದ? ಕಾದುಕೊಂಡಿರು.

ಕಾದಳು. ಆ ದಿನ ಪೂರ್ತಿ, ಮಾರನೇ ದಿನ ಪೂರ್ತಿ, ಆರನೇ ಮಹಡಿಯ ಹಜಾರದಲ್ಲಿ, ಅವನ ತಾಯಿಯ ಕೈ ಹಿಡಿದು. ಇನ್ನೊಂದು ಮುಷ್ಟಿಯಲ್ಲಿ ಹಿತ್ತಾಳೆಯ ಮನೆ. ಒತ್ತಿ ಒತ್ತಿ ಅದರ ಮಾಡು ಅಂಗೈಯಲ್ಲಿ ಅಚ್ಚಾಗಿತ್ತು. ಕಚೇರಿಯ ಫೋನ್ ಬಡಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಓಡಿಹೋಗಬೇಕು ಅನ್ನಿಸುತ್ತಿತ್ತು. ಓಡಲಿಲ್ಲ.

ಮೂರನೆಯ ಬೆಳಿಗ್ಗೆ ಒಳಗಿನ ಕೋಣೆಯಲ್ಲಿ ಫೋನ್ ಬಡಿದು, ಬಹಳ ಹೊತ್ತು ಯಾರೋ "ಹಾಂ... ಹಾಂ..." ಅನ್ನುವುದು ಕೇಳಿಸಿತು. ಗುಮಾಸ್ತ ಕಾಗದ ಹಿಡಿದು ಬಾಗಿಲಿಗೆ ಬಂದ.

"ಹಡಗು ಸಿಕ್ಕಿದೆ. ಬೇರೊಂದು ಹಡಗು ಎಳೆದುಕೊಂಡು ಬರ್ತಿದೆ. ಸಂದೇಶದಲ್ಲಿ ಹುದ್ದೆ ಮಾತ್ರ ಇದೆ, ಹಾಗೇ ಓದ್ತೀನಿ. ದಯವಿಟ್ಟು ನಡುವೆ ಮಾತಾಡಬೇಡಿ." "ಕ್ಯಾಪ್ಟನ್, ಇದಾರೆ. ಮೊದಲನೇ ಅಧಿಕಾರಿ, ಇದಾರೆ. ಮುಖ್ಯ ಇಂಜಿನಿಯರ್, ಇದಾರೆ. ಎರಡನೇ ಇಂಜಿನಿಯರ್, ಕಾಲು ಮುರಿದಿದೆ, ಇದಾರೆ."

ಪುಟ ಮಗುಚಿದ.

ಕಾಗದ ಮಗುಚುವ ಸದ್ದು ಅಷ್ಟು ದೀರ್ಘವಾಗಿರಬಲ್ಲದೆಂದು, ಜೀವನವಿಡೀ ಕಾಗದ ಮಗುಚಿದ ಅವಳಿಗೂ ತಿಳಿದಿರಲಿಲ್ಲ.

"ಮೂರನೇ ಇಂಜಿನಿಯರ್... ಎರಡೂ ಕೈ ಸುಟ್ಟಿದೆ..."

ತಾಯಿಯ ಉಗುರು ಅವಳ ಕೈಗೆ ನಾಟಿತು.

"ಇದಾರೆ."

ಅದಕ್ಕಿಂತ ಚಂದದ ಮಾತನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಗುಮಾಸ್ತ ಪಟ್ಟಿ ಮುಗಿಸಿದಾಗ ಒಬ್ಬರೂ ಕಡಿಮೆಯಾಗಿರಲಿಲ್ಲ. ಇಡೀ ಹಜಾರ ಒಟ್ಟಿಗೆ ಅತ್ತಿತು.

ಐದು ದಿನದ ನಂತರ, ಬಂದರಿನ ಆಸ್ಪತ್ರೆಯ ಕೋಣೆ. ಬಾಗಿಲವರೆಗೆ ಬಂದ ತಾಯಿ, "ನನಗೆ ಡಾಕ್ಟರ ಹತ್ರ ಸ್ವಲ್ಪ ಕೆಲಸ ಇದೆ," ಎಂದು ತಿರುಗಿ ಹೋದರು. ಡಾಕ್ಟರ್ ಇದ್ದದ್ದು ಆ ಕೋಣೆಯ ಒಳಗೇ. ಅವರೂ ನಗುತ್ತ ಎದ್ದುಹೋದರು.

ಅವನು ಕಿಟಕಿ ಪಕ್ಕದ ಮಂಚದಲ್ಲಿ ಕೂತಿದ್ದ. ಎರಡೂ ಕೈಗಳಿಗೆ ಮೊಣಕೈವರೆಗೆ ಬಿಳಿ ಪಟ್ಟಿ. ಹುಬ್ಬು ಅರ್ಧ ಸುಟ್ಟಿತ್ತು. ಅವಳನ್ನು ಕಂಡು ಎದ್ದೇಳಲು ಹೋದ.

"ಅಲ್ಲಾಡಬೇಡಿ!" ಎಂದಳು.

"ಯಾಕೆ? ನನ್ನ ಮೊಣಕೈ ಕೆಳಗೆ ನಿಮ್ಮ ನೌಕಾಪಡೆ ಇದೆಯಾ?"

ನಗಬೇಕೆಂದುಕೊಂಡಳು, ಅಳು ಬಂತು. ಅವನ ಮುಂದಿನ ಪುಟ್ಟ ಮೇಜಿನ ಮೇಲೆ ಹಿತ್ತಾಳೆಯ ಮನೆಯನ್ನು ಇಟ್ಟಳು. ಪಕ್ಕದಲ್ಲಿ ಚೀಟಿ.

"ಊರಿನವರನ್ನ ಕರ್ಕೊಂಡು ಬಂದಿದೀನಿ. ನಿಮ್ಮ ಅಪ್ಪಣೆಯಿಂದ ಮನೆ ಕಳಕೊಂಡವರು."

"ನನ್ನ ಅಪ್ಪಣೆಯಾ?"

ಚೀಟಿಯ ಮುಂಬದಿ ಅವನ ಕಣ್ಣೆದುರು ಹಿಡಿದಳು. ಅವನು ಓದಿದ. ಇನ್ನೊಮ್ಮೆ ಓದಿದ. ಮುಖದ ಬಣ್ಣ ಇಳಿಯಿತು.

"ಲವಂಗದ ದ್ವೀಪ... ಅಯ್ಯೋ! ಕಾದು! ಇದನ್ನ ಎಲ್ಲರೆದುರು ಓದಿದ್ರಾ? ನಾನು ನಿಮ್ಮ ಮೇಲೆ ಯುದ್ಧಕ್ಕೆ ಬಂದೆ ಅಂತ... ಅದಕ್ಕೇ ಉತ್ತರ ಇಲ್ವಾ? ಹ್ಞೂಂ, ಆದ್ರೆ ನೀವು ಹಾಳೆ ತಿರುಗಿಸಿ..."

"ತಿರುಗಿಸಲಿಲ್ಲ." ಅವಳು ತಲೆ ತಗ್ಗಿಸಿದಳು. "ನೋಡದೆ ಅಂಟಿಸಿಬಿಟ್ಟೆ. ಹೆದರಿದ್ದೆ. ಆಮೇಲೆ ನೀರು ಹಾಕಿ ಬಿಡಿಸಿದೆ. ಎಲ್ಲ ಸಿಕ್ಕಿತು... ಒಂದು ಪದ ಬಿಟ್ಟು."

ಅವನ ಕೈ ಮಗುಚುವಂತಿರಲಿಲ್ಲ. ಅವಳೇ ಚೀಟಿ ತಿರುಗಿಸಿ ನೀಲಿ ಕಲೆಯ ಮೇಲೆ ಬೆರಳಿಟ್ಟಳು.

"ಇಲ್ಲಿ ಏನಿತ್ತು?"

ಅವನು ನಾಚಿ ಕಿಟಕಿಯತ್ತ ನೋಡಿದ.

"ಹೆದರಬೇಡ ಅಂತ ಬರೆದಿದ್ದೆ."

ಅವಳಿಗೆ ಕಣ್ಣೀರಿನ ನಡುವೆಯೇ ನಗು ಉಕ್ಕಿತು.

"ನೋಡಿ ನನ್ನ ಅದೃಷ್ಟ! ಬೇಕಾಗಿದ್ದ ಪದವೇ ಕರಗಿಹೋಯ್ತು!"

"ನಿಜ ಹೇಳ್ಲಾ? ಬೆಂಕಿ ಬಿದ್ದಾಗ ನನಗೇ ಕಾಲು ನಡುಗ್ತಿತ್ತು," ಎಂದ. "ಲವಂಗ ಉತ್ತರ ಕೊಡದೆ ನಾನು ಸಾಯಬಾರದು ಅಂತ ಒಂದೇ ಹಟ."

ಅವಳು ಅವನ ಪಟ್ಟಿ ಸುತ್ತಿದ ಕೈಯ ಪಕ್ಕ, ತಾಗದಷ್ಟು ಹತ್ತಿರ, ತನ್ನ ಕೈ ಇಟ್ಟಳು.

"ಅಂದು ಬಸ್ ಸ್ಟಾಪಿನಲ್ಲಿ ಒಂದು ಮಾತು ಹೇಳ್ಬೇಕು ಅಂದಿದ್ರಲ್ಲ... ಈಗ ಹೇಳಿ."

"ಮತ್ತೆ ಬಸ್ ಹತ್ತಿ ಓಡಲ್ಲ ತಾನೇ?"

"ಇಲ್ಲ."

"ನನ್ನ ಮನೆಗೆ ಬರ್ತೀಯಾ?"

"ಉತ್ತರ ಚೀಟಿಯಲ್ಲಿ ಬರೆದುಕೊಡಲಾ?"

"ಬೇಡಮ್ಮಾ, ಕೈ ಮುಗಿಯೋಣ ಅಂದ್ರೆ ಕೈನೂ ಇಲ್ಲ! ಬಾಯಲ್ಲೇ ಹೇಳು."

ಅವಳ ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಹೆದರಿಕೆ ಹೋಗಿರಲಿಲ್ಲ, ಅಲ್ಲೇ ಪಕ್ಕದಲ್ಲೇ ಕೂತಿತ್ತು. ಅದನ್ನು ಅಲ್ಲಿಯೇ ಕೂರಲು ಬಿಟ್ಟು ಅವಳು ಅವನ ಕಣ್ಣನ್ನು ನೇರವಾಗಿ ನೋಡಿದಳು.

"ಬರ್ತೀನಿ," ಎಂದಳು. "ಎಷ್ಟು ದಿನ ಅಂತ ಕಾದುಕೊಂಡಿರಲಿ, ಇಂಗ್ಲೆಂಡ್?"

"ಕಾಯೋದು ಮುಗೀತು ಲವಂಗ," ಎಂದ ಅವನು. "ಇನ್ನು ಆ ಚೀಟಿ ಮಡಿಸಿ ಒಳಗಿಡು."